ಮಂಡಿಯೊಳಗೆ ಉಳಿದ ಮುಳ್ಳು, ಮುರಿದ ಸೂಜಿ

ಹನ್ನೊಂದು ವರ್ಷದ ಆ ಹುಡುಗನ ಬಲ ಮಂಡಿ ಬಾತುಕೊಂಡು ಮೂರು ತಿಂಗಳಾಗಿತ್ತು. ಚಿತ್ರದುರ್ಗದ ಕಡೆಯ ಹಳ್ಳಿಯವನು. ತಂದೆ, ತಾಯಿ, ಅಜ್ಜಿ ಮೂವರೂ ಜೊತೆಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಚೀಟಿಗಳು, ಎಕ್ಸ್-ರೇಗಳು, ರಕ್ತಪರೀಕ್ಷೆಯ ವರದಿಗಳು. ಹುಡುಗನಿಗೆ ಜ್ವರ ಇರಲಿಲ್ಲ, ತೂಕವೂ ಇಳಿದಿರಲಿಲ್ಲ. ಕುಂಟುತ್ತಲೇ ಶಾಲೆಗೆ ಹೋಗುತ್ತಿದ್ದ. ಮಾತ್ರೆ ನುಂಗಿದರೆ ಊತ ಇಳಿಯುತ್ತಿತ್ತು, ನಿಲ್ಲಿಸಿದ ವಾರದೊಳಗೆ ಮತ್ತೆ ಬರುತ್ತಿತ್ತು. ಎರಡು ಬಾರಿ ಮಂಡಿಯಿಂದ ಸಿರಿಂಜಿನಲ್ಲಿ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಯಾವ ರೋಗಾಣುವೂ ಬೆಳೆದಿರಲಿಲ್ಲ. ಎಕ್ಸ್-ರೇಯಲ್ಲಿ ಮೂಳೆಗಳು ಸರಿಯಾಗಿಯೇ ಇದ್ದವು. ಒಬ್ಬ ವೈದ್ಯರು ಕೀಲುವಾತ ಎಂದಿದ್ದರು. ಇನ್ನೊಬ್ಬರು ಕ್ಷಯ ಇರಬಹುದೆಂದು ಅನುಮಾನಿಸಿ ತಿಂಗಳುಗಟ್ಟಲೆ ಔಷಧ ಬೇಕಾಗಬಹುದು ಎಂದು ಹೇಳಿದ್ದರು. ಮನೆಯವರು ಕಂಗಾಲಾಗಿದ್ದುದು ಆ ಮಾತಿಗೆ.

ಮಂಡಿಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರೆ ತಂದೆ ತಾಯಿ ಇಬ್ಬರೂ ಇಲ್ಲವೆಂದರು. ಏನಾದರೂ ಚುಚ್ಚಿತ್ತೇ ಎಂದು ಕೇಳಿದಾಗ ಅಜ್ಜಿ ಮುಂದೆ ಬಂದರು. "ದೀಪಾವಳಿಗೆ ಮುಂಚೆ ಬೇಲಿ ಸಂದಿ ಚೆಂಡು ತೆಗ್ಯಾಕೋಗಿ ಮಂಡಿಗೆ ಜಾಲಿಮುಳ್ಳು ಚುಚ್ಚಿಸ್ಕಂಡಿದ್ದ ಡಾಕ್ಟ್ರೇ. ನಾನೇ ಕಿತ್ತಾಕಿ ಎಕ್ಕದಾಲು ಬಿಟ್ಟೆ. ಎರಡು ದಿನಕ್ಕೆ ವಾಸಿಯಾತಲ್ಲ!"

ವಾಸಿಯಾಗಿರಲಿಲ್ಲ. ಮುಳ್ಳಿನ ತುದಿ ಒಳಗೇ ಮುರಿದು ಉಳಿದಿತ್ತು.

ಅಜ್ಜಿಯದೇನೂ ತಪ್ಪಿಲ್ಲ. ಅಂಗಾಲಿಗೆ ಮುಳ್ಳು ಮುರಿದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಪಿನ್ನಿನಿಂದ ಕೆದಕಿ ತೆಗೆಯುತ್ತಾರೆ. ಬಾರದಿದ್ದರೆ ಎಕ್ಕದ ಹಾಲನ್ನೋ ಬೆಲ್ಲ ಸುಣ್ಣವನ್ನೋ ಹಚ್ಚಿ ಕಾಯುತ್ತಾರೆ. ನಾಲ್ಕು ದಿನದಲ್ಲಿ ಅದು ಹಣ್ಣಾಗಿ, ಕೀವಾಗಿ, ಮುಳ್ಳು ತಾನೇ ಹೊರಗೆ ಬರುತ್ತದೆ. ಇದು ಹಚ್ಚಿದ ಔಷಧದ ಗುಣವಲ್ಲ, ನಮ್ಮ ಮಾಂಸಖಂಡದ ಗುಣ. ತನ್ನದಲ್ಲದ ವಸ್ತುವನ್ನು ಅದು ಸುತ್ತುವರಿದು ಚರ್ಮದ ಕಡೆಗೆ ತಳ್ಳುತ್ತದೆ. ಆದರೆ ಮಂಡಿಯ ಕೀಲು ಹಾಗಲ್ಲ. ಅದೊಂದು ಮುಚ್ಚಿದ ಚೀಲ. ಅದರೊಳಗೆ ಬಿದ್ದದ್ದಕ್ಕೆ ಹೊರಗೆ ಬರುವ ದಾರಿಯೇ ಇಲ್ಲ. ಅಂಗಾಲಿನ ಮುಳ್ಳಿಗೆ ಕಾಯಬಹುದಾದ ಹಾಗೆ ಮಂಡಿಯ ಮುಳ್ಳಿಗೆ ಕಾಯುವಂತಿಲ್ಲ.

ಮಂಡಿ ಎಲ್ಲಿಂದ ಎಲ್ಲಿಯವರೆಗೆ?

ತೊಡೆಯ ಮೂಳೆಯ ಕೆಳತುದಿ, ಕಣಕಾಲಿನ ದಪ್ಪ ಮೂಳೆಯ ಮೇಲ್ತುದಿ, ಮುಂದೆ ಮಂಡಿಚಿಪ್ಪು ಇವು ಮೂರೂ ಸೇರಿ ಮಂಡಿಯ ಕೀಲು ಆಗಿದೆ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಇಡೀ ಕೀಲನ್ನು ಒಂದು ಚೀಲ ಆವರಿಸಿದ್ದು, ಚೀಲದ ಒಳಮೈಗೆ ತೆಳುವಾದ ಪೊರೆಯಿದೆ. ಈ ಪೊರೆ ಮೊಟ್ಟೆಯ ಬಿಳಿಭಾಗದಂತೆ ಅಂಟಂಟಾದ ದ್ರವವೊಂದನ್ನು ಸ್ರವಿಸುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಮಂಡಿಗೆ ಈ ದ್ರವ. ಆರೋಗ್ಯವಂತ ಮಂಡಿಯಲ್ಲಿ ಇದು ಒಂದು ಚಮಚೆಯಷ್ಟೂ ಇರುವುದಿಲ್ಲ. ಮಂಡಿ ಬಾತುಕೊಂಡಿತು ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಈ ದ್ರವ, ಇಲ್ಲವೇ ರಕ್ತ ಅಥವಾ ಕೀವು ಅಲ್ಲಿ ತುಂಬಿದೆ ಎಂದೇ ಅರ್ಥ.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಚೀಲ ಮಂಡಿಚಿಪ್ಪಿನ ಕೆಳಗಷ್ಟೇ ಇಲ್ಲ. ದೊಡ್ಡವರಲ್ಲಿ ಅದು ಚಿಪ್ಪಿನ ಮೇಲಂಚಿನಿಂದ ಮೂರು ನಾಲ್ಕು ಬೆರಳಿನಷ್ಟು ಮೇಲಕ್ಕೆ, ತೊಡೆಯ ಮುಂಭಾಗದವರೆಗೂ ಚಾಚಿಕೊಂಡಿದೆ. "ಮಂಡಿಗಲ್ಲ ಡಾಕ್ಟ್ರೇ, ಸ್ವಲ್ಪ ಮೇಲೆ ಚುಚ್ಚಿದ್ದು" ಎಂದು ಹೇಳುವವರ ಗಾಯವೂ ಎಷ್ಟೋ ವೇಳೆ ಕೀಲಿನೊಳಗೇ ಹೋಗಿರುತ್ತದೆ. ಚಿಪ್ಪಿನ ಎರಡೂ ಪಕ್ಕಗಳಲ್ಲಂತೂ ಚರ್ಮಕ್ಕೂ ಕೀಲಿಗೂ ನಡುವೆ ಹೆಚ್ಚು ಮಾಂಸವೇ ಇಲ್ಲ. ಮಗುವಿನ ಮಂಡಿಯಲ್ಲಿ ಈ ದೂರ ಇನ್ನೂ ಕಡಿಮೆ.

ಕೀಲಿನೊಳಗೆ ಸೇರಿದ ವಸ್ತು ಮೂರು ಬಗೆಯಲ್ಲಿ ಹಾನಿ ಮಾಡುತ್ತದೆ. ಸೂಜಿ, ಗಾಜಿನಂಥ ಗಟ್ಟಿ ವಸ್ತುಗಳು ಕಾಲು ಮಡಿಸಿದಾಗಲೆಲ್ಲ ಮೃದ್ವಸ್ಥಿಯನ್ನು ಗೀರುತ್ತವೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದ್ದರಿಂದ ಅದರ ಗಾಯ ಚರ್ಮದ ಗಾಯದಂತೆ ಮಾಯುವುದಿಲ್ಲ. ಎರಡನೆಯದು, ವಸ್ತುವಿನ ಜೊತೆ ಒಳಹೊಕ್ಕ ರೋಗಾಣುಗಳಿಂದ ಕೀಲಿನಲ್ಲಿ ಕೀವಾಗುವುದು. ಇದು ನಿಜಕ್ಕೂ ತುರ್ತುಸ್ಥಿತಿ. ಕೀವು ತುಂಬಿದ ಮಂಡಿಯ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಕರಗಿಹೋಗಬಹುದು, ಮುಂದೆ ಜೀವನಪೂರ್ತಿ ಕಾಲು ಮಡಿಸಲಾಗದಂತಾಗಬಹುದು. ಮೂರನೆಯದು, ನಮ್ಮ ಹುಡುಗನಿಗೆ ಆದದ್ದು.

ಮುಳ್ಳಿನ ವಂಚನೆ

ಮುಳ್ಳು ಸಸ್ಯವಸ್ತು. ಅದರ ಚೂರು ಕೀಲಿನ ಪೊರೆಯಲ್ಲಿ ಸಿಕ್ಕಿಕೊಂಡರೆ ಪೊರೆ ಕೆರಳಿ ದಪ್ಪವಾಗುತ್ತದೆ, ದ್ರವವನ್ನು ಒಂದೇ ಸಮನೆ ಸುರಿಸತೊಡಗುತ್ತದೆ. ಈಚಲು, ಖರ್ಜೂರ, ಜಾಲಿಯಂಥ ಮುಳ್ಳುಗಳಿಂದ ಹೀಗಾಗುವುದು ವೈದ್ಯರಿಗೆ ಗೊತ್ತಿರುವ ವಿಷಯವೇ. ಆದರೂ ಇದನ್ನು ಪತ್ತೆಹಚ್ಚುವುದು ಕಷ್ಟ. ಏಕೆಂದರೆ ಚುಚ್ಚಿದ ನೋವು ಎರಡು ಮೂರು ದಿನಗಳಲ್ಲಿ ಹೋಗಿಬಿಡುತ್ತದೆ. ಆಮೇಲೆ ಕೆಲವು ದಿನ, ಕೆಲವರಲ್ಲಿ ಕೆಲವು ವಾರಗಳು, ಏನೂ ಇರುವುದಿಲ್ಲ. ಮನೆಯವರು ಮುಳ್ಳಿನ ಸಂಗತಿಯನ್ನೇ ಮರೆತಿರುತ್ತಾರೆ. ಚರ್ಮದ ಮೇಲಿನ ಗುರುತೂ ಮಾಸಿರುತ್ತದೆ. ಆಗ ಮಂಡಿ ನಿಧಾನವಾಗಿ ಊದತೊಡಗುತ್ತದೆ.

ಸಾಧಾರಣ ಎಕ್ಸ್-ರೇಯಲ್ಲಿ ಮುಳ್ಳು ಕಾಣಿಸುವುದಿಲ್ಲ. ಮಂಡಿಯ ನೀರಿನಲ್ಲಿ ಅನೇಕ ಸಲ ರೋಗಾಣು ಸಿಗುವುದಿಲ್ಲ. ಸಿಕ್ಕಾಗ ಹೆಚ್ಚಾಗಿ ಕಾಣುವುದು ಗಿಡಮರಗಳ ಮೇಲೆ ವಾಸಿಸುವ ಪಾಂಟೋಯಿಯಾ ಎಂಬ ಬ್ಯಾಕ್ಟೀರಿಯಾ. ಪೊರೆಯ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಕ್ಷಯದಲ್ಲಿ ಕಾಣುವಂಥದೇ ಗಂಟುಗಳು ಕಂಡು ದಾರಿ ತಪ್ಪಿಸುವುದೂ ಉಂಟು. ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ವೈದ್ಯರ ಮನಸ್ಸು ಮೊದಲು ಅತ್ತ ಹರಿದರೆ ಆಶ್ಚರ್ಯವಿಲ್ಲ. ಇಂಥ ಮಂಡಿಗೆ ಔಷಧ ಎಷ್ಟು ಕೊಟ್ಟರೂ ಮುಳ್ಳು ಒಳಗೆ ಇರುವಷ್ಟು ಕಾಲ ಊತ ಮರುಕಳಿಸುತ್ತಲೇ ಇರುತ್ತದೆ. ಈ ಕಾಯಿಲೆಯ ಪತ್ತೆಗೆ ಅರ್ಧ ಸಹಾಯ ಮಾಡುವುದು ಯಂತ್ರವಲ್ಲ, ಅಜ್ಜಿಯ ನೆನಪು. ಒಂದೇ ಮಂಡಿ, ಅದೂ ಮಗುವಿನ ಮಂಡಿ, ಕಾರಣವಿಲ್ಲದೆ ಪದೇ ಪದೇ ಊದುತ್ತಿದ್ದರೆ ಹಿಂದಿನ ಎರಡು ಮೂರು ತಿಂಗಳುಗಳಲ್ಲಿ ಮುಳ್ಳು, ಕಡ್ಡಿ, ಸಿಬಿರು ಏನಾದರೂ ಚುಚ್ಚಿತ್ತೇ ಎಂದು ನೆನಪು ಮಾಡಿಕೊಳ್ಳಿ. ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಹೊಲಿಗೆ ಸೂಜಿ

ಪಟ್ಟಣದ ಮನೆಗಳಲ್ಲಿ ಮುಳ್ಳಿಗಿಂತ ಹೆಚ್ಚಾಗಿ ಕಾಣುವುದು ಹೊಲಿಗೆ ಸೂಜಿ. ನಾವು ನೆಲದ ಮೇಲೆ ಚಾಪೆ ಹಾಸಿ ಕೂರುವವರು. ತಾಯಿ ಮಧ್ಯಾಹ್ನ ಸೀರೆಗೆ ಫಾಲ್ ಹಚ್ಚುತ್ತಾ ಕೂತಿರುತ್ತಾಳೆ. ಯಾರೋ ಬಂದರೆಂದು ಸೂಜಿಯನ್ನು ಚಾಪೆಗೆ ಚುಚ್ಚಿ ಏಳುತ್ತಾಳೆ. ಅಂಬೆಗಾಲಿಡುವ ಮಗುವಿನ ಇಡೀ ಭಾರ ಬೀಳುವುದು ಮಂಡಿಯ ಮೇಲೆಯೇ. ಸೂಜಿ ನೆಟ್ಟಗೆ ಒಳಗೆ ಹೋಗುತ್ತದೆ, ಮಗು ಕಿರುಚಿ ಕಾಲು ಮಡಿಸುತ್ತದೆ, ಸೂಜಿ ಲಟಕ್ಕನೆ ಮುರಿಯುತ್ತದೆ. ಮಗುವಿನ ಮಂಡಿಯಲ್ಲಿ ಕಾಣುವುದು ಸಾಸಿವೆಯಷ್ಟು ರಕ್ತದ ಚುಕ್ಕೆ ಮಾತ್ರ. ಮಾತು ಬಾರದ ಮಗು ಹೇಳುವುದಾದರೂ ಹೇಗೆ? ಅಂಬೆಗಾಲಿಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕಾಲೂರಲು ಒಲ್ಲೆನೆಂದರೆ, ಒರೆಸಿದ ನೆಲದಲ್ಲಿ ಸೂಜಿಯ ಅರ್ಧ ಭಾಗ ಸಿಕ್ಕಿದರೆ, ಉಳಿದರ್ಧವನ್ನು ಮಗುವಿನ ಮಂಡಿಯಲ್ಲಿ ಹುಡುಕಬೇಕು.

ಸೂಜಿಯ ವಿಷಯದಲ್ಲಿ ಒಂದು ಸಮಾಧಾನವೆಂದರೆ ಅದು ಎಕ್ಸ್-ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ವೈದ್ಯಶಾಸ್ತ್ರದಲ್ಲಿ ಎಕ್ಸ್-ರೇಯ ಬಳಕೆ ಆರಂಭವಾದ ದಿನಗಳಲ್ಲೇ ಸೂಜಿಯ ಕಥೆಯಿದೆ. ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲಿಯೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಲ್-ಎಡ್ವರ್ಡ್ಸ್ ಎಂಬ ವೈದ್ಯ ತನ್ನ ಜೊತೆಗಾರನೊಬ್ಬನ ಕೈಯಲ್ಲಿ ಸಿಕ್ಕಿಕೊಂಡಿದ್ದ ಸೂಜಿಯ ಚಿತ್ರ ತೆಗೆದ. ಪಾಪ, ಕಿರಣಗಳ ಅಪಾಯ ಆಗ ಯಾರಿಗೂ ತಿಳಿದಿರಲಿಲ್ಲ; ಅದೇ ಕಿರಣಗಳಿಂದ 1908ರಲ್ಲಿ ಅವನು ತನ್ನ ಎಡಗೈಯನ್ನೇ ಕಳೆದುಕೊಂಡ. ಈಗ ತೆಗೆಯುವ ಒಂದೆರಡು ಎಕ್ಸ್-ರೇಗೆ ಮಗುವಿನ ತಾಯಂದಿರು ಹೆದರಬೇಕಾಗಿಲ್ಲ.

ಸೂಜಿ ರಕ್ತದೊಡನೆ ಹರಿದು ಹೃದಯಕ್ಕೆ ಹೋಗುತ್ತದೆಯೇ ಎಂದು ಬಹುತೇಕ ಎಲ್ಲರೂ ಕೇಳುತ್ತಾರೆ. ಅಂಥದು ತೀರ ಅಪರೂಪ. ಆ ಭಯದಲ್ಲಿ ರಾತ್ರಿಯಿಡೀ ಅಳುವ ಅಗತ್ಯವಿಲ್ಲ. ಆದರೆ ಸೂಜಿ ಕೀಲಿನೊಳಗೇ ಅತ್ತಿತ್ತ ಸರಿಯುವುದಂತೂ ನಿಜ. ಬೆಳಿಗ್ಗೆಯ ಎಕ್ಸ್-ರೇಯಲ್ಲಿ ಚಿಪ್ಪಿನ ಪಕ್ಕದಲ್ಲಿದ್ದದ್ದು ಸಂಜೆಗೆ ಹಿಂಭಾಗಕ್ಕೆ ಹೋಗಿರಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮುಂಚೆ ಇನ್ನೊಮ್ಮೆ ಎಕ್ಸ್-ರೇ ತೆಗೆಯುತ್ತಾರೆ. ಇದು ದುಡ್ಡು ಕೀಳುವ ಉಪಾಯ ಎಂದು ಸಿಡಿಮಿಡಿಗೊಳ್ಳುವುದು ಸರಿಯಲ್ಲ.

ಅಪಘಾತದಲ್ಲಿ ಒಡೆದ ಗಾಜಿನ ಚೂರೂ ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುತ್ತದೆ. ಕಾಣುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಬಂದೂಕಿನ ಸೀಸದ ಚರೆಯ ವಿಷಯ ಬೇರೆ. ಮಾಂಸದಲ್ಲಿ ಹೂತ ಚರೆಯನ್ನು ಹಾಗೆಯೇ ಬಿಡುವುದುಂಟು. ಕೀಲಿನಲ್ಲಿ ಉಳಿದರೆ ಮಾತ್ರ ಕೀಲಿನ ದ್ರವ ಸೀಸವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಮೈಗೆ ನಂಜೇರಿಸಬಲ್ಲದು. ಅದನ್ನು ತೆಗೆಯಲೇಬೇಕು.

ಇನ್ನು ಕೆಲವರ ಮಂಡಿಯಲ್ಲಿ ಹೊರಗಿನಿಂದ ಏನೂ ಬಂದಿರುವುದಿಲ್ಲ. ಅಲ್ಲಿಯದೇ ಮೂಳೆ ಅಥವಾ ಮೃದ್ವಸ್ಥಿಯ ಚೂರು ಕಳಚಿ ತಿರುಗುತ್ತಿರುತ್ತದೆ. ಇವತ್ತು ಇಲ್ಲಿ ಕೈಗೆ ಸಿಕ್ಕಿದ್ದು ನಾಳೆ ಅಲ್ಲಿ ಸಿಗುವುದರಿಂದ ವೈದ್ಯರು ಇದನ್ನು ಕೀಲಿನ ಇಲಿ ಎಂದು ಕರೆಯುವುದುಂಟು. ಕೀಲಿನ ದ್ರವವನ್ನೇ ಆಹಾರವಾಗಿ ಪಡೆದು ಮೃದ್ವಸ್ಥಿಯ ಚೂರು ದೊಡ್ಡದಾಗುತ್ತಲೂ ಹೋಗಬಹುದು. 1558ರಲ್ಲಿ ಫ್ರಾನ್ಸಿನ ಪ್ರಖ್ಯಾತ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಒಬ್ಬ ದರ್ಜಿಯ ಮಂಡಿಯಿಂದ ಬಾದಾಮಿ ಗಾತ್ರದ, ಕಲ್ಲಿನಂತೆ ಗಟ್ಟಿಯಾದ ಬಿಳಿಯ ಗಂಟನ್ನು ತೆಗೆದದ್ದನ್ನು ಬರೆದಿಟ್ಟಿದ್ದಾನೆ. ನಡೆಯುವಾಗ ಮಂಡಿ ಬಾಗಿಲಿನ ಅಗುಳಿ ಬಿದ್ದಂತೆ ತಟ್ಟನೆ ಸಿಕ್ಕಿಕೊಂಡು, ಸ್ವಲ್ಪ ಅಲ್ಲಾಡಿಸಿದ ಮೇಲೆ ಬಿಟ್ಟುಕೊಳ್ಳುವುದು ಇದರ ಮುಖ್ಯ ಲಕ್ಷಣ.

ತೆಗೆಯುವ ಬಗೆ

ಮೊದಲಿಗೆ ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್-ರೇ. ಒಂದೇ ದಿಕ್ಕಿನ ಚಿತ್ರದಿಂದ ವಸ್ತು ಎಷ್ಟು ಆಳದಲ್ಲಿದೆ ಎಂದು ತಿಳಿಯುವುದಿಲ್ಲ. ಮುಳ್ಳು, ಮರದ ಸಿಬಿರುಗಳಿಗೆ ಅಲ್ಟ್ರಾಸೌಂಡ್ ಒಳ್ಳೆಯದು. ಬಸಿರಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್. ನೋವಿಲ್ಲ, ಮಗು ಅಳುವುದೂ ಇಲ್ಲ. ಎಂ.ಆರ್.ಐ.ಯಲ್ಲಿ ಊದಿದ ಪೊರೆ ಚೆನ್ನಾಗಿ ಕಾಣುತ್ತದೆ. ಆದರೆ ಎಂ.ಆರ್.ಐ. ಯಂತ್ರ ಬಲವಾದ ಅಯಸ್ಕಾಂತ. ಸೂಜಿ ಇರಬಹುದೆಂಬ ಅನುಮಾನವಿದ್ದರೆ ಆ ಕೋಣೆಗೆ ಹೋಗುವ ಮೊದಲೇ ಅಲ್ಲಿಯವರಿಗೆ ತಿಳಿಸಲೇಬೇಕು.

ಹಿಂದೆ ಮಂಡಿಯನ್ನು ಉದ್ದಕ್ಕೆ ಕೊಯ್ದು, ತೆರೆದು ಹುಡುಕುತ್ತಿದ್ದರು. ಗಾಯ ಮಾಯಲು ವಾರಗಳು, ಕಾಲು ಮಡಿಸಲು ತಿಂಗಳುಗಳು ಹಿಡಿಯುತ್ತಿದ್ದವು. ಈಗ ಹೆಚ್ಚಿನ ಸಂದರ್ಭಗಳಲ್ಲಿ ಆರ್ತ್ರೋಸ್ಕೋಪ್ ಎಂಬ ದೂರದರ್ಶಕದಂಥ ಕೊಳವೆ ಬಳಸುತ್ತಾರೆ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ, ಮೂತ್ರಕೋಶವನ್ನು ನೋಡುವ ಕೊಳವೆಯಿಂದ ಶವವೊಂದರ ಮಂಡಿಯೊಳಗೆ ಇಣುಕಿ ನೋಡಿದ. ಕ್ಷಯದಿಂದ ಮಂಡಿ ಬಿಗಿದುಹೋದರೆ ನೆಲದ ಮೇಲೆ ಮಂಡಿಯೂರಿ ಕೂರುವ ಜಪಾನೀಯರ ಬದುಕೇ ಕಷ್ಟವಾಗುತ್ತದೆ. ರೋಗವನ್ನು ಬೇಗ ಕಾಣಬೇಕೆಂಬುದು ಅವನ ಹಂಬಲ. ಚಕ್ಕಳಮಕ್ಕಳ ಹಾಕಿ ಉಣ್ಣುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅವನ ಶಿಷ್ಯ ಮಸಾಕಿ ವತನಾಬೆ 1950ರ ದಶಕದ ಕೊನೆಯಲ್ಲಿ ರೂಪಿಸಿದ 21ನೆಯ ಮಾದರಿಯ ಉಪಕರಣದಿಂದ ಈ ವಿದ್ಯೆ ಜಗತ್ತಿಗೆಲ್ಲ ಹರಡಿತು.

ಚಿಕ್ಕ ಮಕ್ಕಳಿಗೆ ಪೂರ್ಣ ಅರಿವಳಿಕೆ, ದೊಡ್ಡವರಿಗೆ ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಮಂಡಿಚಿಪ್ಪಿನ ಕೆಳಗೆ ಎರಡು ಪಕ್ಕದಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ತೂತುಗಳನ್ನು ಮಾಡುತ್ತಾರೆ. ಒಂದರ ಮೂಲಕ ಸುಮಾರು 4 ಮಿಲಿಮೀಟರ್ ದಪ್ಪದ ಕೊಳವೆ ಒಳಗೆ ಹೋಗುತ್ತದೆ. ಅದರ ತುದಿಯ ಚಿತ್ರ ಟಿ.ವಿ. ಪರದೆಯ ಮೇಲೆ ಕಾಣುತ್ತದೆ. ಕೀಲನ್ನು ಉಪ್ಪುನೀರಿನ ದ್ರಾವಣದಿಂದ ಉಬ್ಬಿಸಿರುತ್ತಾರೆ. ಇನ್ನೊಂದು ತೂತಿನಿಂದ ಸಣ್ಣ ಚಿಮುಟ ಹಾಕಿ ವಸ್ತುವನ್ನು ಹಿಡಿಯುತ್ತಾರೆ. ಹೇಳಿದಷ್ಟು ಸುಲಭವಲ್ಲ ಇದು. ನೀರು ತುಂಬಿದ ಬಕೆಟ್ಟಿನಲ್ಲಿ ಸವೆದ ಸೋಪಿನ ಚೂರು ಹಿಡಿಯಲು ಹೋದರೆ ಹೇಗೆ ಜಾರುತ್ತದೋ ಹಾಗೆಯೇ ಚಿಮುಟ ಹತ್ತಿರ ಬಂದೊಡನೆ ಚೂರು ಸರಿದುಹೋಗುತ್ತದೆ. ಆಗ ನೀರಿನ ಹರಿವು ನಿಲ್ಲಿಸಿ, ಹೊರಗಿನಿಂದ ಇಂಜೆಕ್ಷನ್ ಸೂಜಿಯೊಂದನ್ನು ತೂರಿಸಿ ಅದನ್ನು ಅಲುಗಾಡದಂತೆ ಒತ್ತಿಹಿಡಿಯುತ್ತಾರೆ. ಉಕ್ಕಿನ ಸೂಜಿಗೆ ತುದಿಯಲ್ಲಿ ಅಯಸ್ಕಾಂತವಿರುವ ಕಡ್ಡಿಯೂ ಉಂಟು. ಪೊರೆಯಲ್ಲಿ ಹುದುಗಿ ಕಣ್ಣಿಗೆ ಬೀಳದಿದ್ದರೆ ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದಡಿ ನೋಡುತ್ತಲೇ ಹುಡುಕಬೇಕಾಗುತ್ತದೆ.

ವಸ್ತು ಮಂಡಿಯ ಹಿಂಭಾಗದಲ್ಲಿದ್ದರೆ, ಮೂಳೆಯಲ್ಲಿ ನಾಟಿದ್ದರೆ ಅಥವಾ ತೀರ ದೊಡ್ಡದಿದ್ದರೆ ಇಂದಿಗೂ ತೆರೆದ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. "ತೂತು ಮಾಡಿ ತೆಗೆಯುತ್ತೇವೆ ಎಂದವರು ಕೊಯ್ದುಬಿಟ್ಟರು" ಎಂದು ವೈದ್ಯರ ಮೇಲೆ ಸಿಟ್ಟಾಗುವ ಮೊದಲು ಇದು ನೆನಪಿರಲಿ. ಮುಳ್ಳಿನ ಪ್ರಕರಣದಲ್ಲಿ ಮುಳ್ಳಿನ ಜೊತೆಗೆ ಕೆಟ್ಟು ದಪ್ಪವಾದ ಪೊರೆಯನ್ನೂ ಕೆತ್ತಿ ತೆಗೆಯಬೇಕು. ಒಂದು ಚೂರು ಉಳಿದರೂ ಊತ ತಿರುಗಿ ಬರುತ್ತದೆ.

ಮನೆಯಲ್ಲಿ ಮಾಡಬೇಕಾದ್ದು

ಮಂಡಿಗೆ ಏನಾದರೂ ಚುಚ್ಚಿದ ತಕ್ಷಣ ಕಾಲನ್ನು ಮಡಿಸಬೇಡಿ, ನಡೆಸಬೇಡಿ. ಮಗುವಾದರೆ ಎತ್ತಿಕೊಳ್ಳಿ. ಗಟ್ಟಿ ರಟ್ಟನ್ನು ಕಾಲಿನ ಹಿಂಭಾಗಕ್ಕೆ ಇಟ್ಟು ಸಡಿಲವಾಗಿ ಕಟ್ಟಿದರೆ ಮಂಡಿ ನೆಟ್ಟಗಿರುತ್ತದೆ. ಚರ್ಮದ ಮೇಲೆ ಹರಿಯುವ ನೀರು, ಸೋಪು ಹಾಕಿ ತೊಳೆಯಿರಿ. ಎಕ್ಕದ ಹಾಲು, ಸುಣ್ಣ, ಅರಿಶಿನ, ಇಂಕು ಏನನ್ನೂ ಹಚ್ಚುವುದು ಬೇಡ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅದು ಇನ್ನೊಂದು ಅನಾಹುತ. ಚರ್ಮದ ಮೇಲೆಯೇ ನಿಂತ ಚಿಕ್ಕ ಮುಳ್ಳನ್ನು ನೇರವಾಗಿ ಎಳೆದು ತೆಗೆಯಬಹುದು. ಆದರೆ ಆಳಕ್ಕೆ ನಾಟಿದ್ದನ್ನು ಎಳೆಯಬೇಡಿ, ಒಳಗೆ ಮುರಿದದ್ದನ್ನು ಕೆದಕಬೇಡಿ. ಮುಳ್ಳಿನಿಂದ ಮುಳ್ಳು ತೆಗೆಯುವ ನಮ್ಮ ಗಾದೆ ಮಂಡಿಗೆ ಹೇಳಿ ಮಾಡಿಸಿದ್ದಲ್ಲ. ಕೆದಕಿದಷ್ಟೂ ಚೂರು ಒಳಗೆ ಹೋಗುತ್ತದೆ, ಜೊತೆಗೆ ರೋಗಾಣುಗಳೂ.

ಕಿತ್ತ ಮುಳ್ಳನ್ನೋ ಮುರಿದ ಸೂಜಿಯ ಅರ್ಧವನ್ನೋ ಬಿಸಾಡದೆ ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ತನ್ನಿ. ತುದಿ ಮೊಂಡಾಗಿದ್ದರೆ ಒಳಗೆ ಎಷ್ಟು ಉಳಿದಿದೆಯೆಂದು ಅದೇ ಹೇಳುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಐದು ವರ್ಷ ಮೀರಿದ್ದರೆ ಮತ್ತೊಂದು ಬೇಕಾಗಬಹುದು. ಹಿಂದಿನ ಟಿ.ಟಿ.ಯ ಬದಲು ಈಗ ಧನುರ್ವಾಯು ಮತ್ತು ಗಂಟಲಮಾರಿ ಎರಡನ್ನೂ ತಡೆಯುವ ಟಿ.ಡಿ. ಎಂಬ ಲಸಿಕೆ ಕೊಡುತ್ತಾರೆ.

ಗಾಯ ಚಿಕ್ಕದಿದ್ದು ಏನೂ ಉಳಿದಿಲ್ಲವೆಂದು ಮನೆಗೆ ಕಳಿಸಿದ ಮೇಲೂ ಕೆಲವು ವಾರ ಮಂಡಿಯ ಮೇಲೆ ಕಣ್ಣಿಡಿ. ಮಂಡಿ ಬಿಸಿಯಾಗಿ ಊದಿ, ಜ್ವರ ಬಂದು, ಕಾಲು ಸ್ವಲ್ಪ ಅಲುಗಿಸಿದರೂ ರೋಗಿ ಚೀರುವಂತಿದ್ದರೆ ಬೆಳಗಾಗಲೆಂದು ಕಾಯದೆ ಆಗಲೇ ಹೊರಡಬೇಕು. ಕೀವು ತೊಳೆಯುವ ಕೆಲಸ ಮರುದಿನಕ್ಕೆ ಮುಂದೂಡುವಂಥದಲ್ಲ.

ಬೇರೆ ಯಾವುದೋ ಕಾರಣಕ್ಕೆ ಎಕ್ಸ್-ರೇ ತೆಗೆದಾಗ ಎಷ್ಟೋ ವರ್ಷದ ಹಿಂದಿನ ಸೂಜಿಯ ಚೂರು ಕಾಣಿಸುವುದುಂಟು. ಅದು ಕೀಲಿನ ಹೊರಗೆ ಮಾಂಸದಲ್ಲಿದ್ದು ಯಾವ ತೊಂದರೆಯನ್ನೂ ಕೊಡದಿದ್ದರೆ ಹಾಗೆಯೇ ಬಿಡಬಹುದು. ಅದನ್ನು ತೆಗೆಯಲು ಮಾಡುವ ಗಾಯವೇ ಹೆಚ್ಚಾದೀತು. ಒಳಗೋ ಹೊರಗೋ ಎಂಬುದನ್ನು ಮಾತ್ರ ಮೂಳೆ ತಜ್ಞರು ನೋಡಿ ನಿರ್ಧರಿಸಬೇಕು.

ಹುಡುಗನ ಅಲ್ಟ್ರಾಸೌಂಡಿನಲ್ಲಿ ಮಂಡಿಚಿಪ್ಪಿನ ಮೇಲ್ಭಾಗದ ಪೊರೆಯಲ್ಲಿ ಒಂದು ಬಿಳಿಯ ಗೆರೆ ಕಂಡಿತು. ಆರ್ತ್ರೋಸ್ಕೋಪಿನಿಂದ ತೆಗೆದ ಮುಳ್ಳಿನ ತುದಿ ಭತ್ತದ ಕಾಳಿಗಿಂತ ಸ್ವಲ್ಪ ಉದ್ದವಿತ್ತು, ನೆನೆದು ಕಪ್ಪಾಗಿತ್ತು. ಮಾರನೆಯ ದಿನ ಹುಡುಗ ಕೋಲೂರಿ ನಡೆದ. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಲಾಯಿತು. ಮೂರು ತಿಂಗಳು ಕುಂಟಿದ್ದರಿಂದ ತೊಡೆಯ ಸ್ನಾಯು ಸೊರಗಿತ್ತು. ಕಾಲನ್ನು ನೆಟ್ಟಗೆ ಮಾಡಿ ಮಂಡಿಯ ಕೆಳಗೆ ಸುತ್ತಿಟ್ಟ ಟವೆಲನ್ನು ಒತ್ತಿಹಿಡಿದು ಹತ್ತು ಎಣಿಸುವ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ಮಾಡಲು ಹೇಳಿದೆವು. ಅದನ್ನು ತಪ್ಪದೆ ಮಾಡಿಸಿದವರು ಅಜ್ಜಿಯೇ.